ಕಾಣದ ಕರ್ತೃ

ವ್ಯಾಕರಣದ ಪಾಠವೆಂದರೆ ನಮ್ಮ ಮಕ್ಕಳಿಗೆ ಅಷ್ಟಕ್ಕಷ್ಟೆ. ಕರ್ತೃ, ಕರ್ಮ, ಕ್ರಿಯಾಪದ ಎಂದು ಕರಿಹಲಗೆಯ ಮೇಲೆ ಬರೆದೊಡನೆಯೇ ಹಿಂದಿನ ಬೆಂಚಿನಲ್ಲಿ ಆಕಳಿಕೆ ಆರಂಭವಾಗುತ್ತದೆ. ‘ರಾಮನು ಮರವನ್ನು ಕಡಿದನು’ ಎಂಬ ವಾಕ್ಯದಲ್ಲಿ ಕಡಿದವನು ಯಾರು ಎಂದು ಕೇಳಿದರೆ ಎಲ್ಲರೂ ಒಟ್ಟಿಗೆ ಉತ್ತರಿಸುತ್ತಾರೆ. ‘ಮರವನ್ನು ಕಡಿಯಲಾಯಿತು’ ಎಂದು ಬರೆದು ಅದೇ ಪ್ರಶ್ನೆಯನ್ನು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಮರವಂತೂ ಬಿದ್ದಿದೆ, ಕಡಿದವನು ವಾಕ್ಯದಲ್ಲಿ ಇಲ್ಲ. ಹೀಗೆ ಇಲ್ಲದ ಪದವನ್ನು ಸಂದರ್ಭದಿಂದ ತಂದು ಸೇರಿಸಿಕೊಳ್ಳುವುದಕ್ಕೆ ಅಧ್ಯಾಹಾರವೆಂದು ಹೆಸರು. ಪರೀಕ್ಷೆಯಲ್ಲಿ ಇದಕ್ಕೆ ದೊರೆಯುವುದು ಒಂದೋ ಎರಡೋ ಅಂಕ. ಶಾಲೆಯ ಹೊರಗೆ ಇದರ ಉಪಯೋಗ ಎಷ್ಟು ದೊಡ್ಡದೆಂಬುದನ್ನು ಹೇಳುವುದಕ್ಕಾಗಿ ಈ ಲೇಖನ.

ಶಾಲೆಯಲ್ಲಿ ಹಾಜರಿ ಪುಸ್ತಕವಿರುವಂತೆ ಆಸ್ಪತ್ರೆಯಲ್ಲೂ ಒಂದು ಪುಸ್ತಕವಿದೆ. ಇಂಥ ದಿನ ಇಂಥ ಮಗು ಚುಚ್ಚುಮದ್ದಿಗೆ ಬರಬೇಕು, ಇಂಥ ದಿನ ಕಣ್ಣಿನ ಪರೀಕ್ಷೆಗೆ ಬರಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಆ ದಿನ ಮಗುವಿನ ಮುಖ ಕಾಣದಿದ್ದರೆ ‘ಬರಲಿಲ್ಲ’ ಎಂದು ಗುರುತು ಹಾಕುತ್ತಾರೆ. ‘ಮಗು ಬರಲಿಲ್ಲ’ ಎಂಬ ವಾಕ್ಯದಲ್ಲಿ ಕರ್ತೃ ಯಾರು? ಮಗು. ಆರು ತಿಂಗಳ ಕೂಸು ತೊಟ್ಟಿಲಿನಿಂದ ಇಳಿದು, ಗುಡ್ಡದ ದಾರಿಯಲ್ಲಿ ನಡೆದು, ಬಸ್ಸು ಹತ್ತಿ, ಚೀಟಿ ಮಾಡಿಸಿಕೊಂಡು ಸಾಲಿನಲ್ಲಿ ನಿಲ್ಲಬೇಕಾಗಿತ್ತು ಎಂಬ ಅರ್ಥ ಬರುವುದಿಲ್ಲವೇ? ಬ್ರಿಟನ್ನಿನ ಮಕ್ಕಳ ಚಿಕಿತ್ಸಾಲಯಗಳಲ್ಲಿ ಈಚಿನ ವರ್ಷಗಳಲ್ಲಿ ಈ ವಾಕ್ಯವನ್ನು ತಿದ್ದಿದ್ದಾರೆ. ‘ಬರಲಿಲ್ಲ’ ಎಂಬುದರ ಬದಲು ‘ಕರೆತರಲಿಲ್ಲ’ ಎಂದು ಬರೆಯುವ ಕ್ರಮವನ್ನು ಅಲ್ಲಿನ ಅನೇಕ ಆಸ್ಪತ್ರೆಗಳು ರೂಢಿಸಿಕೊಂಡಿವೆ. ಸಂಕಟಕ್ಕೆ ಸಿಕ್ಕಿದ ಮಕ್ಕಳ ಕತೆಯನ್ನು ಹಿಂತಿರುಗಿ ನೋಡಿದಾಗ, ತಪ್ಪಿಹೋದ ಆಸ್ಪತ್ರೆಯ ದಿನಗಳು ಎಷ್ಟೋ ವೇಳೆ ಮೊದಲ ಸೂಚನೆಗಳಾಗಿದ್ದವು ಎಂಬುದು ಅಲ್ಲಿನವರ ಗಮನಕ್ಕೆ ಬಂದಿತ್ತು. ಒಂದು ಕ್ರಿಯಾಪದ ಬದಲಾದರೆ ಮುಂದಿನ ಪ್ರಶ್ನೆಯೂ ಬದಲಾಗುತ್ತದೆ. ಯಾರು ಕರೆತರಲಿಲ್ಲ? ಏಕೆ? ಇಲ್ಲಿಂದ ನಮ್ಮ ಅಧ್ಯಾಹಾರ ಆರಂಭವಾಗುತ್ತದೆ.

ಸುಲಭದ ಉತ್ತರ ‘ತಾಯಿ’ ಎಂಬುದು. ‘ಈ ಕಾಲದ ತಾಯಂದಿರಿಗೆ ಮಕ್ಕಳ ಮೇಲೆ ನಿಗಾ ಇಲ್ಲ’ ಎಂದು ಹೇಳುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಆದರೆ ಒಂದು ಮನೆಯ ಸಂಗತಿಯನ್ನು ನೋಡಿ.

ನಮ್ಮ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ. ಪಾಠದಲ್ಲಿ ಚುರುಕು, ಆದರೆ ಮಳೆಗಾಲದ ಆ ಎರಡು ತಿಂಗಳಲ್ಲಿ ಆಗೊಮ್ಮೆ ಈಗೊಮ್ಮೆ ಗೈರುಹಾಜರಾಗುತ್ತಿದ್ದಳು. ರಜೆ ಚೀಟಿಯಲ್ಲಿ ಪ್ರತಿಸಲವೂ ‘ಹೊಟ್ಟೆನೋವು’. ಕೊನೆಗೊಮ್ಮೆ ಹತ್ತಿರ ಕೂರಿಸಿ ವಿಚಾರಿಸಿದಾಗ, “ತಮ್ಮನನ್ನು ಕಣ್ಣಿನ ಡಾಕ್ಟರಿಗೆ ತೋರಿಸ್ಲಿಕ್ಕೆ ಹೋಗಿದ್ದೆ ಮಾಷ್ಟ್ರೇ” ಎಂದಳು. ತಮ್ಮನಿಗೆ ಆರು ವರ್ಷ. ಅವಳಿಗೆ ಹದಿಮೂರು. ಎರಡು ಬಸ್ಸು ಹಿಡಿದು ಪೇಟೆಗೆ ಹೋಗಿ, ದೊಡ್ಡವರು ಯಾರೂ ಜೊತೆಗಿಲ್ಲವೆಂದು ಒಂದು ಸಲ ಹಾಗೆಯೇ ಹಿಂತಿರುಗಿದ್ದಳು. ಪರೀಕ್ಷೆಯ ದಿನಗಳಲ್ಲಿ ಅವಳು ಶಾಲೆಗೆ ಬಂದಳು. ಆಗ ಆಸ್ಪತ್ರೆಯ ಪುಸ್ತಕದಲ್ಲಿ ತಮ್ಮನಿಗೆ ಗೈರುಹಾಜರಿ. ಅವಳು ಅಲ್ಲಿಗೆ ಹೋದ ದಿನ ನಮ್ಮ ಪುಸ್ತಕದಲ್ಲಿ ಅವಳಿಗೆ ಗೈರುಹಾಜರಿ. ಎರಡು ಪುಸ್ತಕಗಳಲ್ಲಿ ಒಂದಲ್ಲ ಒಂದು ಕಡೆ ಆ ಮನೆಯ ಮಗುವಿಗೆ ತಪ್ಪು ಗುರುತು ತಪ್ಪುತ್ತಿರಲಿಲ್ಲ.

ಸಹೋದ್ಯೋಗಿಗಳೊಬ್ಬರ ಜೊತೆಗೆ ನಾವು ಆ ಮನೆಗೆ ಹೋದೆವು. ಪೆರ್ಲದ ಆಚೆ, ಬಸ್ಸು ಇಳಿದು ಗುಡ್ಡದ ದಾರಿಯಲ್ಲಿ ಮುಕ್ಕಾಲು ಗಂಟೆಯ ನಡಿಗೆ. ತಾಯಿ ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ತಂದೆ ಬೆಂಗಳೂರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾರೆ. ಬೆಲ್ಲ, ನೀರು ತಂದಿಟ್ಟು, ಕೂರಿಸಿ, ಆ ತಾಯಿ ಹೇಳಿದ ಮಾತು ಇದು: “ಒಂದು ದಿನ ಹೋದ್ರೆ ಆ ದಿನದ ಬೀಡಿ ಇಲ್ಲ ಮಾಷ್ಟ್ರೇ. ಬಸ್ಸಿಗೆ ಬೇರೆ, ಮಧ್ಯಾಹ್ನ ಮಕ್ಕಳಿಗೆ ಹೊಟ್ಟೆಗೆ ಬೇರೆ. ಅಷ್ಟು ಮಾಡಿ ಹೋದ್ರೆ ಟೋಕನ್ ಮುಗೀತು ಅಂತ ಹೇಳ್ತಾರೆ. ಆದ್ರೂ ಬರೆದು ಕೊಟ್ಟ ದಿನಕ್ಕೆ ಹೋಗ್ಲೇಬೇಕು ಅಂತ ಚೀಟಿ ತೆಗೆದಿಟ್ಟಿದ್ದೇನೆ.”

ರೇಶನ್ ಕಾರ್ಡಿನ ಡಬ್ಬಿಯಿಂದ ಆ ಚೀಟಿಯನ್ನು ತೆಗೆದು ನಮ್ಮ ಕೈಗೆ ಕೊಟ್ಟರು. ಅದರ ಕೊನೆಯಲ್ಲಿ ಇಂಗ್ಲಿಷಿನಲ್ಲಿ ‘ಮತ್ತೆ ನೋಡಬೇಕು’ ಎಂಬುದರ ಸಂಕ್ಷೇಪ. ಅದರ ಮುಂದೆ ‘೧/೧೨’ ಎಂಬ ಅಂಕೆ. ತಾಯಿ ಅದನ್ನು ಡಿಸೆಂಬರ್ ಒಂದು ಎಂದು ಓದಿಕೊಂಡಿದ್ದರು. ಓದು ಬರೆಹ ಬಲ್ಲ ಯಾರೇ ಆದರೂ ಹಾಗೆಯೇ ಓದಿಯಾರು. ವೈದ್ಯರ ಬರವಣಿಗೆಯಲ್ಲಿ ಅದರ ಅರ್ಥ ಬೇರೆ. ವರ್ಷಕ್ಕೆ ಹನ್ನೆರಡು ತಿಂಗಳು. ಆದುದರಿಂದ ‘೧/೧೨’ ಎಂದರೆ ಒಂದು ತಿಂಗಳ ಬಳಿಕ. ವರ್ಷಕ್ಕೆ ಐವತ್ತೆರಡು ವಾರ. ‘೨/೫೨’ ಎಂದರೆ ಎರಡು ವಾರ. ವಾರಕ್ಕೆ ಏಳು ದಿನ. ‘೫/೭’ ಎಂದರೆ ಐದು ದಿನ. ಇದು ಆಂಗ್ಲ ವೈದ್ಯ ಪದ್ಧತಿಯಿಂದ ಬಂದ ಹಳೆಯ ಸಂಕೇತ. ಚೀಟಿ ಬರೆದದ್ದು ಜುಲೈಯಲ್ಲಿ. ಹುಡುಗ ಆಗಸ್ಟಿನಲ್ಲಿ ಹೋಗಬೇಕಾಗಿತ್ತು. ನಾವು ಆ ಜಗಲಿಯಲ್ಲಿ ಕುಳಿತಿದ್ದುದು ಅಕ್ಟೋಬರಿನಲ್ಲಿ.

ಈಗ ಹೇಳಿ, ‘ಕರೆತರಲಿಲ್ಲ’ ಎಂಬ ವಾಕ್ಯಕ್ಕೆ ಕರ್ತೃ ಯಾರು? ತಾಯಿಯೇ? ಒಂದು ದಿನದ ಬೀಡಿಯೇ? ಬಸ್ಸೇ? ಎರಡು ಅಂಕೆಗಳ ನಡುವಿನ ಓರೆಗೆರೆಯೇ?

ಆ ಹುಡುಗನದು ವೈದ್ಯರು ‘ಸೋಮಾರಿ ಕಣ್ಣು’ ಎಂದು ಕರೆಯುವ ತೊಂದರೆ. ಒಂದು ಕಣ್ಣಿನ ದೃಷ್ಟಿ ಕಡಿಮೆಯಿದ್ದಾಗ ಮಿದುಳು ಆ ಕಣ್ಣು ಕಳುಹಿಸುವ ಚಿತ್ರವನ್ನು ಬಿಟ್ಟು, ಒಳ್ಳೆಯ ಕಣ್ಣಿನ ಚಿತ್ರವನ್ನಷ್ಟೇ ತೆಗೆದುಕೊಳ್ಳುತ್ತದೆ. ಬರಬರುತ್ತಾ ಬಡ ಕಣ್ಣು ಕೆಲಸ ಮರೆಯುತ್ತದೆ. ಕನ್ನಡಕ ಕೊಟ್ಟು, ದಿನಕ್ಕೆ ಕೆಲವು ಗಂಟೆ ಒಳ್ಳೆಯ ಕಣ್ಣನ್ನು ಮುಚ್ಚಿದರೆ ಬಡ ಕಣ್ಣು ಮತ್ತೆ ಕಲಿಯುತ್ತದೆ. ಆದರೆ ಇದು ಎಳೆಯ ಪ್ರಾಯದಲ್ಲಿ ಚೆನ್ನಾಗಿ ಆಗುವ ಕೆಲಸ. ಏಳೆಂಟು ವರ್ಷ ದಾಟಿದ ಮೇಲೆ ಫಲ ಕಡಿಮೆಯಾಗುತ್ತ ಹೋಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಮರುವಾರವೇ ತಾಯಿ ಮಗನನ್ನು ಕರೆದುಕೊಂಡು ಹೋದರು. ಚಿಕಿತ್ಸೆ ಮುಂದುವರಿಯಿತು, ದೃಷ್ಟಿ ಒಂದಿಷ್ಟು ಸುಧಾರಿಸಿತು. ನಡುವೆ ಕಳೆದ ತಿಂಗಳುಗಳನ್ನು ಮಾತ್ರ ಯಾವ ವೈದ್ಯರೂ ಹಿಂದಕ್ಕೆ ಕೊಡಲಾರರು.

ಗಡಿನಾಡಿನ ನಮಗೆ ಇನ್ನೂ ಕೆಲವು ಕರ್ತೃಗಳಿದ್ದಾರೆ. ೧೯೫೬ರ ನವೆಂಬರ್ ೧ರಂದು ನಾವು ಕೇರಳಕ್ಕೆ ಸೇರಿದೆವು. ೧೯೮೪ರ ಮೇ ೨೪ರಂದು ಕಾಸರಗೋಡು ಬೇರೆ ಜಿಲ್ಲೆಯಾಯಿತು. ಆದರೆ ಕಾಯಿಲೆ ಹೆಚ್ಚಾದಾಗ ಇಲ್ಲಿನ ಜನ ಹಿಂದಿನಿಂದಲೂ ಓಡುತ್ತಿದ್ದುದು ಮಂಗಳೂರಿಗೆ. ಕಾಸರಗೋಡು ಪೇಟೆಯಿಂದ ಅದು ಐವತ್ತು ಕಿಲೋಮೀಟರು. ೨೦೨೦ರ ಮಾರ್ಚಿನಲ್ಲಿ ಕೊರೋನಾದ ಕಾರಣ ಗಡಿ ಮುಚ್ಚಿದಾಗ, ತಲಪಾಡಿಯಲ್ಲಿ ವಾಹನಗಳನ್ನು ತಡೆದಾಗ, ಒಳದಾರಿಗಳಿಗೆ ಮಣ್ಣು ಸುರಿದಾಗ, ಆ ಐವತ್ತು ಕಿಲೋಮೀಟರು ಎಷ್ಟು ದೂರವೆಂದು ನಮಗೆ ತಿಳಿಯಿತು. ಆಂಬುಲೆನ್ಸುಗಳು ಹಿಂತಿರುಗಿದವು, ಚಿಕಿತ್ಸೆ ಸಿಗದೆ ರೋಗಿಗಳು ಸತ್ತರು. ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಆ ವಾರಗಳಲ್ಲಿ ಮಂಗಳೂರಿನ ಆಸ್ಪತ್ರೆಗಳಲ್ಲಿ ದಿನ ಗೊತ್ತುಮಾಡಿಕೊಂಡಿದ್ದ ನಮ್ಮ ಮಕ್ಕಳ ಹೆಸರಿನ ಮುಂದೆ ‘ಬರಲಿಲ್ಲ’ ಎಂದು ಬರೆದಿದ್ದರೆ, ಅಲ್ಲಿ ಕರ್ತೃವಿನ ಸ್ಥಾನದಲ್ಲಿ ಇದ್ದುದು ಒಂದು ಮಣ್ಣಿನ ರಾಶಿ. ೨೦೧೩ರ ನವೆಂಬರಿನಲ್ಲಿ ಅಡಿಗಲ್ಲು ಹಾಕಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ ಮೊದಲು ರೋಗಿಗಳನ್ನು ಸೇರಿಸಿಕೊಂಡದ್ದೂ ಅದೇ ೨೦೨೦ರ ಏಪ್ರಿಲಿನಲ್ಲಿ, ಕೊರೋನಾ ಆಸ್ಪತ್ರೆಯಾಗಿ.

ಎಣ್ಮಕಜೆಯ ಪಡ್ರೆಯಂಥ ಊರುಗಳ ಮಾತು ಇನ್ನೂ ಕಠಿಣ. ಗೇರುತೋಟಗಳ ಮೇಲೆ ೨೦೦೦ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಆ ಊರುಗಳಲ್ಲಿ ನಡೆಯಲಾರದ, ಕುಳಿತುಕೊಳ್ಳಲಾರದ ಮಕ್ಕಳನ್ನು ಕಂಡು ಮೊದಲು ಪ್ರಶ್ನೆ ಎತ್ತಿದವರಲ್ಲಿ ವಾಣೀನಗರದ ಡಾ. ವೈ. ಎಸ್. ಮೋಹನಕುಮಾರರು ಒಬ್ಬರು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಲ್ಲೆಲ್ಲ ಆ ವಿಷವನ್ನು ತಡೆಯಿತು. ೨೦೧೭ರ ಜನವರಿಯಲ್ಲಿ ಬಾಧಿತರಿಗೆ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಅಂಥ ಮಗುವಿಗೆ ಆಸ್ಪತ್ರೆಯ ದಿನವೆಂದರೆ ಬೆಳೆದ ಮಗನನ್ನು ತಾಯಿ ಹೊತ್ತುಕೊಂಡು ಗುಡ್ಡ ಇಳಿಯುವ ದಿನ. ಅದು ತಿಂಗಳಿಗೊಮ್ಮೆ, ವರ್ಷಗಟ್ಟಲೆ. ಅಲ್ಲಿ ಒಂದು ದಿನ ತಪ್ಪಿದರೆ ‘ನಿಗಾ ಇಲ್ಲ’ ಎನ್ನುವ ಬಾಯಿ ನಮಗಿರಬಾರದು.

ಇಷ್ಟಾದರೂ ದಿನ ದಿನವೇ. ಆಸ್ಪತ್ರೆಯವರು ತಮ್ಮ ಅನುಕೂಲಕ್ಕಾಗಿ ಏನೋ ಒಂದು ತಾರೀಕು ಬರೆಯುತ್ತಾರೆ ಎಂದು ಕೆಲವರು ತಿಳಿದಿದ್ದಾರೆ. ಚುಚ್ಚುಮದ್ದಿನ ಪಟ್ಟಿಯನ್ನೇ ನೋಡಿ. ಹುಟ್ಟಿದೊಡನೆ ಕ್ಷಯಕ್ಕೆ ಬಿ.ಸಿ.ಜಿ.; ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ ಡಿಫ್ತೀರಿಯಾ, ನಾಯಿಕೆಮ್ಮು, ಧನುರ್ವಾಯು ಮೊದಲಾದ ಐದು ರೋಗಗಳಿಗೆ ಒಟ್ಟಾಗಿ ಒಂದು ಮದ್ದು; ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರಕ್ಕೆ. ದಡಾರದ ಮದ್ದನ್ನು ಮೊದಲೇ ಕೊಟ್ಟು ಮುಗಿಸಬಾರದೇ? ತಾಯಿಯಿಂದ ಮಗುವಿಗೆ ಬಂದ ರಕ್ಷಣೆ ಕೆಲವು ತಿಂಗಳು ರಕ್ತದಲ್ಲಿ ಉಳಿದಿರುತ್ತದೆ. ಅದು ಇರುವಾಗ ಮದ್ದು ಸರಿಯಾಗಿ ಹಿಡಿಯುವುದಿಲ್ಲ. ಅದು ಕರಗಿದ ಮೇಲೆ ಮಗುವಿಗೆ ಬೇರೆ ಆಸರೆಯೂ ಇಲ್ಲ. ಆ ಎರಡರ ನಡುವಿನ ಕಿಂಡಿಯನ್ನು ನೋಡಿ ಇಟ್ಟ ದಿನ ಅದು. ಮೂರು ಸಲ ಏಕೆ ಎಂದರೆ, ಒಂದೇ ಸಲ ಓದಿದ ಪದ್ಯ ಬಾಯಿಪಾಠವಾಗುವುದಿಲ್ಲವಲ್ಲ, ಹಾಗೆ. ರೋಗಾಣುವನ್ನು ಗುರುತಿಸುವುದನ್ನು ದೇಹವೂ ಪುನರಾವರ್ತನೆಯಿಂದಲೇ ಕಲಿಯುತ್ತದೆ.

ಇಲ್ಲಿ ಕಣ್ಣಿಗೆ ಕಾಣದ ಕರ್ತೃ ಆ ರೋಗಾಣು. ಬೀಡಿಯ ಲೆಕ್ಕವಾಗಲಿ ಬಸ್ಸಿನ ಸಮಯವಾಗಲಿ ಅದಕ್ಕೆ ಬೇಕಿಲ್ಲ. ೨೦೧೫ ಮತ್ತು ೨೦೧೬ರಲ್ಲಿ ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯಲ್ಲಿ, ಮರೆತೇಹೋಗಿದ್ದ ಡಿಫ್ತೀರಿಯಾ ಮತ್ತೆ ಕಾಣಿಸಿಕೊಂಡು ಮಕ್ಕಳನ್ನು ಕೊಂದಿತು. ಅದೇ ಜಿಲ್ಲೆಯಲ್ಲಿ ೨೦೨೨ರ ಕೊನೆಗೆ ದಡಾರ ಹಬ್ಬಿತು. ಎರಡು ಸಲವೂ ಹೆಚ್ಚಾಗಿ ಸಿಕ್ಕಿಬಿದ್ದವರು ಮದ್ದು ಪೂರ್ತಿಯಾಗದ ಮಕ್ಕಳು. ಹಾಗೆಯೇ ತಪ್ಪದೆ ಮದ್ದು ಕೊಟ್ಟರೆ ಏನಾಗುತ್ತದೆಂಬುದಕ್ಕೂ ಸಾಕ್ಷಿ ಇದೆ: ೨೦೧೧ರ ಜನವರಿಯ ಬಳಿಕ ಭಾರತದಲ್ಲಿ ಕಾಡು ಪೋಲಿಯೋದಿಂದ ಒಂದು ಮಗುವೂ ಕಾಲು ಕಳೆದುಕೊಂಡಿಲ್ಲ.

ರೋಗಾಣುಗಳ ಮಾತು ಬಂದಾಗ ಮಕ್ಕಳು ‘ಛೀ’ ಎನ್ನುತ್ತಾರೆ. ಆದರೆ ಕಣ್ಣಿಗೆ ಕಾಣದ ಜೀವಿಗಳೆಲ್ಲ ವೈರಿಗಳಲ್ಲ. ಅವು ನಮ್ಮ ಕೆಲಸವನ್ನೂ ಮಾಡುತ್ತವೆ. ಅಲ್ಲಿಯೂ ದಿನ ತಪ್ಪಿಸಬಾರದು. ಇದನ್ನು ನಾವು ಕಲಿತದ್ದು ನಮ್ಮ ಮಕ್ಕಳು ವಿಜ್ಞಾನ ಮೇಳಕ್ಕೆ ಸಿದ್ಧಪಡಿಸಿದ ಮಾದರಿಯಿಂದ. ಕನ್ನಡ ಮಾಷ್ಟ್ರುಗಳಾದ ನಮ್ಮನ್ನು ಅದರ ವಿವರಣೆಯನ್ನು ತಿದ್ದಿಕೊಡಲು ಕರೆದಿದ್ದರು. ‘ಕೊಳಚೆ ನೀರು ವಿದ್ಯುತ್ತನ್ನು ಕೊಡುತ್ತದೆ’ ಎಂದು ಅವರು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು. ಕರ್ತೃ ನೀರೇ ಏನು ಎಂದು ಕೇಳಿದಾಗ ಅವರೇ ನಮಗೆ ಪಾಠ ಹೇಳಿದರು.

ಗದ್ದೆಯ ಕೆಸರನ್ನು ಒಂದು ಪಾತ್ರೆಯಲ್ಲಿ ತುಂಬಿ, ಹಳೆಯ ಟಾರ್ಚ್ ಸೆಲ್ಲಿನೊಳಗಿನ ಕರಿಯ ಕಡ್ಡಿಯೊಂದನ್ನು ಅಡಿಯಲ್ಲಿ ಹೂತಿದ್ದರು. ಇನ್ನೊಂದು ಕಡ್ಡಿ ಮೇಲೆ, ಗಾಳಿ ತಾಗುವಂತೆ. ಮಧ್ಯಾಹ್ನದ ಊಟದ ಅಡಿಗೆಮನೆಯಲ್ಲಿ ಅಕ್ಕಿ ತೊಳೆದು ಚೆಲ್ಲುವ ನೀರೇ ಆಹಾರ. ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಆ ನೀರಿನ ಪಿಷ್ಟ, ಸಕ್ಕರೆಗಳನ್ನು ತಿಂದು ಒಡೆಯುತ್ತವೆ. ಒಂದು ಗ್ಲೂಕೋಸ್ ಅಣು ಪೂರ್ತಿಯಾಗಿ ಒಡೆದರೆ ೨೪ ಇಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ನಾವು ಉಸಿರಾಡುವಾಗ ನಮ್ಮ ದೇಹದಲ್ಲಿ ಆ ಇಲೆಕ್ಟ್ರಾನುಗಳು ಕೊನೆಗೆ ಸೇರುವುದು ಆಮ್ಲಜನಕವನ್ನು. ಕೆಸರಿನ ಆಳದಲ್ಲಿ ಆಮ್ಲಜನಕ ಎಲ್ಲಿಂದ ಬರಬೇಕು? ಜಿಯೋಬ್ಯಾಕ್ಟರಿನಂಥ ಕೆಲವು ಬ್ಯಾಕ್ಟೀರಿಯಾಗಳು ಅವನ್ನು ಮಣ್ಣಿನೊಳಗಿನ ಕಬ್ಬಿಣದ ತುಕ್ಕಿಗೆ ದಾಟಿಸುತ್ತವೆ. ನಮ್ಮೂರ ಮಣ್ಣು ಕೆಂಪಾಗಿರುವುದು ಆ ತುಕ್ಕಿನಿಂದ. ನೀರು ನಿಂತ ಗದ್ದೆಯ ಆಳದ ಕೆಸರು ಬೂದು ಬಣ್ಣಕ್ಕೆ ತಿರುಗುವುದು ಇಂಥ ಜೀವಿಗಳ ಕೆಲಸದಿಂದ. ತುಕ್ಕಿನ ಬದಲು ಕರಿಯ ಕಡ್ಡಿ ಸಿಕ್ಕಿದರೆ ಅದಕ್ಕೂ ದಾಟಿಸುತ್ತವೆ. ತಂತಿಯ ಮೂಲಕ ಇಲೆಕ್ಟ್ರಾನುಗಳು ಮೇಲಿನ ಕಡ್ಡಿಗೆ ಹರಿದು ಅಲ್ಲಿ ಗಾಳಿಯ ಆಮ್ಲಜನಕವನ್ನು ಸೇರುತ್ತವೆ. ಆ ಹರಿವೇ ವಿದ್ಯುತ್ತು.

ಇದು ಹೊಸ ಸಂಗತಿಯೂ ಅಲ್ಲ. ಇಂಗ್ಲೆಂಡಿನ ಸಸ್ಯವಿಜ್ಞಾನಿ ಎಂ. ಸಿ. ಪಾಟರ್ ೧೯೧೧ರಲ್ಲಿಯೇ ಸೂಕ್ಷ್ಮಜೀವಿಗಳಿಂದ ವಿದ್ಯುತ್ತು ಹುಟ್ಟುವುದನ್ನು ತೋರಿಸಿದ್ದರು. ೨೦೧೫ರಲ್ಲಿ ಅದೇ ದೇಶದ ಬ್ರಿಸ್ಟಲಿನಲ್ಲಿ ಮೂತ್ರದಿಂದಲೇ ತನ್ನ ದೀಪವನ್ನು ಉರಿಸಿಕೊಳ್ಳುವ ಮೂತ್ರಾಲಯವೊಂದನ್ನು ಕಟ್ಟಿ ನೋಡಿದರು. ನಮ್ಮ ದೇಶದಲ್ಲಿ ಖರಗಪುರದ ಐ.ಐ.ಟಿ. ಮೊದಲಾದೆಡೆ ಸಂಶೋಧನೆ ನಡೆದಿದೆ. ದೊರೆಯುವ ವಿದ್ಯುತ್ತು ಅತ್ಯಲ್ಪ. ಊರಿಗೆ ಬೆಳಕು ಕೊಡುವ ಕಾಲ ಇನ್ನೂ ಬಂದಿಲ್ಲ. ಆದರೆ ನೀರು ಶುದ್ಧವಾಗುತ್ತಲೇ ಒಂದಿಷ್ಟು ಶಕ್ತಿಯೂ ಸಿಗುತ್ತದೆಂಬುದು ಸಣ್ಣ ಮಾತಲ್ಲ.

ನಮ್ಮ ಮಕ್ಕಳ ಒಂದು ಪಾತ್ರೆ ಅರ್ಧ ವೋಲ್ಟನ್ನೂ ಮುಟ್ಟಲಿಲ್ಲ. ಮೊದಲ ವಾರ ಅದೂ ಇರಲಿಲ್ಲ. ಬ್ಯಾಕ್ಟೀರಿಯಾಗಳು ಕಡ್ಡಿಯ ಮೇಲೆ ನೆಲೆಯೂರಿ ಹೆಚ್ಚಲು ಸಮಯ ಬೇಕು. ಎಂಟು ಪಾತ್ರೆಗಳನ್ನು ಸಾಲಾಗಿ ಜೋಡಿಸಿದಾಗ ಪುಟ್ಟ ಕೆಂಪು ದೀಪವೊಂದು ಮಿಣುಕಿತು, ಅದೂ ಕಿಟಕಿಗಳನ್ನು ಮುಚ್ಚಿ ನೋಡಿದರೆ. ದಿನಕ್ಕೊಬ್ಬರಂತೆ ಸರದಿಯಲ್ಲಿ ಆಹಾರ ಹಾಕಿ, ಅಳತೆಯನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದೆಡೆ ರಜೆ ಬಂದು ಮೂರು ದಿನ ತಪ್ಪಿತು, ಅಂಕೆ ಇಳಿಯಿತು. ಒಬ್ಬ ಹುಡುಗ ಅಲ್ಲಿ ಬರೆದಿದ್ದ: ‘ಬ್ಯಾಕ್ಟೀರಿಯಾ ಕೆಲಸ ಮಾಡಲಿಲ್ಲ.’ ಅದರ ಕೆಳಗೆ ಇನ್ನೊಂದು ಕೈಬರಹ: ‘ನಾವು ಆಹಾರ ಹಾಕಲಿಲ್ಲ.’ ಎರಡನೆಯ ವಾಕ್ಯ ಬರೆದವಳು ಆ ಎಂಟನೆಯ ತರಗತಿಯ ಹುಡುಗಿ. ಅವಳಿಗೆ ಕರ್ತೃಪದವನ್ನು ನಾವು ಮತ್ತೆ ಕಲಿಸಬೇಕಾಗಿರಲಿಲ್ಲ.

ಆದುದರಿಂದ ಪೋಷಕ ಬಂಧುಗಳಲ್ಲಿ ಕೆಲವು ವಿನಂತಿಗಳು. ಆಸ್ಪತ್ರೆಯಿಂದ ಹೊರಡುವ ಮೊದಲು ‘ಮತ್ತೆ ಯಾವಾಗ ಬರಬೇಕು?’ ಎಂದು ಕೇಳಿ, ತಿಂಗಳು ಮತ್ತು ತಾರೀಕನ್ನು ಅಕ್ಷರಗಳಲ್ಲಿ ಬರೆಸಿಕೊಳ್ಳಿ. ಕನ್ನಡದಲ್ಲಿ ಬರೆದುಕೊಡಿರೆಂದು ಕೇಳುವುದಕ್ಕೆ ಸಂಕೋಚ ಬೇಡ. ಕೇರಳದ ೧೯೬೯ರ ಅಧಿಕೃತ ಭಾಷಾ ಕಾಯಿದೆಯೇ ಕನ್ನಡಿಗರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿದೆ. ಬರೆಯುವವರು ಸಿಗದಿದ್ದರೆ ಚೀಟಿಯನ್ನು ಶಾಲೆಗೆ ಕಳುಹಿಸಿ. ಓದಿ ಹೇಳಲು ನಾವಿದ್ದೇವೆ. ನಮ್ಮ ಶಾಲೆಯಲ್ಲಿ ಈಗ ಹಾಜರಿ ಪುಸ್ತಕದ ಜೊತೆಗೆ ಇನ್ನೊಂದು ತೆಳು ಪುಸ್ತಕವಿದೆ. ಅದರಲ್ಲಿ ಕಾಯಿಲೆಯ ಹೆಸರಿಲ್ಲ, ಆಸ್ಪತ್ರೆಗೆ ಹೋಗಬೇಕಾದ ದಿನ ಮಾತ್ರ. ಹಿಂದಿನ ದಿನ ಮಗುವಿಗೆ ನೆನಪು ಮಾಡುತ್ತೇವೆ. ಆ ದಿನದ ಪಾಠವನ್ನು ಮರುದಿನ ಹೇಳಿಕೊಡುತ್ತೇವೆ. ‘ಹೊಟ್ಟೆನೋವು’ ಎಂದು ಬರೆಯಬೇಕಾದ ಅಗತ್ಯವಿಲ್ಲ.

ನೆರೆಕರೆಯವರಿಗೂ ಒಂದು ಮಾತು. ಪೆರ್ಲದ ಆ ಮನೆಯಲ್ಲಿ ಈಗ ತಾಯಿ ಒಂದು ಸಲ ಹೋದರೆ ಮುಂದಿನ ಸಲ ಪಕ್ಕದ ಮನೆಯ ಅಜ್ಜಿ ಹುಡುಗನ ಜೊತೆ ಹೋಗುತ್ತಾರೆ. ಬೀಡಿಯೂ ನಿಲ್ಲುವುದಿಲ್ಲ, ಹುಡುಗಿಯ ತರಗತಿಯೂ ತಪ್ಪುವುದಿಲ್ಲ. ಇದಕ್ಕೆ ಯಾವ ಯೋಜನೆಯೂ ಬೇಕಾಗಲಿಲ್ಲ.

ಚುಚ್ಚುಮದ್ದಿನ ದಿನ ತಪ್ಪಿಹೋಗಿದ್ದರೆ ಬೈಯುತ್ತಾರೆಂದು ಹೆದರಿ ಮನೆಯಲ್ಲೇ ಕೂರಬೇಡಿ. ಸಾಮಾನ್ಯವಾಗಿ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಬುಧವಾರ ಅದರ ದಿನ. ಇನ್ನು ವಿದ್ಯಾರ್ಥಿಗಳೇ, ಚುಚ್ಚುಮದ್ದು ಕೂಸುಗಳಿಗೆ ಮಾತ್ರವೆಂದು ನಗಬೇಡಿ. ಹತ್ತು ವರ್ಷವಾದಾಗ ಒಮ್ಮೆ, ಹದಿನಾರು ವರ್ಷವಾದಾಗ ಒಮ್ಮೆ ಧನುರ್ವಾಯು ಮತ್ತು ಡಿಫ್ತೀರಿಯಾಕ್ಕೆ ಟಿ.ಡಿ. ಎಂಬ ಮದ್ದು ಇದೆ. ಹತ್ತನೆಯ ತರಗತಿಯಲ್ಲಿರುವ ನಿಮ್ಮಲ್ಲಿ ಹಲವರಿಗೆ ಈ ವರ್ಷವೇ ಅದರ ಸರದಿ. ಚೀಟಿ ಕೈಗೆ ಬಂದಾಗ ಮನೆಯಲ್ಲಿ ಓದಿ ಹೇಳಿ, ಪಂಚಾಂಗದ ಪಕ್ಕದಲ್ಲಿ ತೂಗಹಾಕಿ. ಕರೆತರಲು ಯಾರಾದರೂ ಬೇಕಾದ ಪ್ರಾಯವನ್ನು ನೀವು ದಾಟುತ್ತಿದ್ದೀರಿ. ಇನ್ನು ಮುಂದೆ ನಿಮ್ಮ ವಾಕ್ಯಕ್ಕೆ ನೀವೇ ಕರ್ತೃಗಳು; ನಿಮ್ಮ ತಮ್ಮ ತಂಗಿಯರ ವಾಕ್ಯದಲ್ಲಿಯೂ ನಿಮ್ಮ ಪಾಲಿದೆ.